ಆವಲಪ್ಪ ಎತ್ತಿದ ಮಂಚ

ಹೆಬ್ಬಾಳ
೧೪-೬-೧೯೬೨

ಮುದ್ದು ತಂಗಿ ಪಟಾಲಮ್ಮನಿಗೆ ನಿನ್ನ ಅಕ್ಕನ ಆಶೀರ್ವಾದಗಳು. ಇಲ್ಲಿ ಕ್ಷೇಮ ಎಂದು ಬರೆಯಲು ಇವತ್ತು ಧೈರ್ಯ ಬಂದಿದೆ. ನಿನ್ನ ಭಾವ ಬೆಳಿಗ್ಗೆ ಆಸ್ಪತ್ರೆಯಲ್ಲಿ ಗಂಜಿ ಕುಡಿದು, ಉಪ್ಪು ಸಾಲದೆಂದು ಮುಖ ಸಿಂಡರಿಸಿದರು. ಆ ಮುಖ ನೋಡಿ ನನಗೆ ಹಬ್ಬವಾಯಿತು ಕಣೇ.

ಸೋಮವಾರ ಅವರಿಗೆ ವಾಂತಿಭೇದಿ ಹತ್ತಿಕೊಂಡು, ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದವು. ಗಾಡಿ ಕಟ್ಟಿಸಿ ಆಸ್ಪತ್ರೆಗೆ ತಂದೆವು. ಕಾಯಿಲೆ ಜೋರಾದವರಿಗೆಂದೇ ಸಿಸ್ಟರ್ ಮೇಜಿನ ಎದುರು ಇಟ್ಟಿರುವ ಮಂಚದಲ್ಲಿ ಮಲಗಿಸಿದರು. ಈಗಿಂದೀಗಲೇ ಸಲೈನ್ ಏರಿಸದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಕೈಯಲ್ಲಾಗಲಿ ಕಾಲಲ್ಲಾಗಲಿ ಒಂದು ನರವೂ ಸಿಗಲಿಲ್ಲ. ಚುಚ್ಚಿ ಚುಚ್ಚಿ ಸೋತು, ಇನ್ನು ಕತ್ತಿನ ನರವೇ ಗತಿ ಎಂದರು. ಅದೂ ಕಾಣದು!

ಕಾಣುವುದಾದರೂ ಹೇಗೆ? ನಿನ್ನ ಅಕ್ಕ ಮಹಾ ಜಾಣೆ, ಗಂಡನ ತಲೆ ತಗ್ಗಿನಲ್ಲಿ ಇರಬಾರದೆಂದು ಎರಡು ದಿಂಬು, ಅದರ ಮೇಲೊಂದು ಸೀರೆಗಂಟು ಪೇರಿಸಿದ್ದಳು. ಸಿಸ್ಟರ್ ರೆಹಾನಾ ಎಲ್ಲವನ್ನೂ ಕಿತ್ತು ನನ್ನ ಮಡಿಲಿಗೆ ಹಾಕಿದಳು. "ತಲೆ ಎತ್ತರ ಇದ್ರೆ ಕತ್ತಿನ ನರ ಚಪ್ಪಟೆ ಆಗೋಗ್ತದೆ ಅಮ್ಮ. ಕಾಲ್ದೆಸೆ ಎತ್ತಿದ್ರೆ ರಕ್ತ ಇಳ್ದು ತುಂಬ್ಕೊಂತದೆ" ಎಂದಳು. ಮಂಚದ ಕಾಲಿನ ಕೆಳಗೆ ಕೊಡುವ ಇಟ್ಟಿಗೆಗಳು ಇನ್ನೊಂದು ವಾರ್ಡಿನಲ್ಲಿದ್ದವು. ಅವು ಬರುವವರೆಗೆ ಕಾಯುವ ಸ್ಥಿತಿಯಲ್ಲಿ ಇವರಿರಲಿಲ್ಲ.

ಈಗ ಕೂತುಕೊಂಡು ಓದು. ಬಾಗಿಲಿಂದ ಒಬ್ಬರು ನುಗ್ಗಿ ಬಂದು, ಮಂಚದ ಕಾಲ್ದೆಸೆಯನ್ನು ಅನಾಮತ್ತಾಗಿ ಎತ್ತಿ ಹಿಡಿದರು. ನಿಮ್ಮ ಯಜಮಾನರು, ಆವಲಪ್ಪನವರು! ಯಶವಂತಪುರದ ಸಂತೆಗೆಂದು ನಿನಗೆ ಹೇಳಿ ಹೊರಟವರಿಗೆ ದಾರಿಯಲ್ಲಿ ಸುದ್ದಿ ತಿಳಿಯಿತಂತೆ. ನನ್ನ ಮಗನ ಮದುವೆಯಲ್ಲಿ ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ಷಡ್ಡಕರಿಬ್ಬರೂ ಮಾತು ಬಿಟ್ಟಿದ್ದರಲ್ಲ, ಅದೇ ಬಿಗುಮಾನದಲ್ಲಿ ಒಳಗೆ ಬರದೆ ಜಗಲಿಯಲ್ಲೇ ನಿಂತಿದ್ದರು. ಗಂಡಸರ ಪಂಕ್ತಿ ಜಗಳಕ್ಕೆ ನಾವು ಅಕ್ಕತಂಗಿಯರು ಮುಖ ನೋಡದೆ ವರ್ಷವಾಯಿತು, ನೆನೆದರೆ ಹೊಟ್ಟೆ ಉರಿಯುತ್ತದೆ.

ಕತ್ತಿನ ನರ ದಾರದಷ್ಟು ಮೂಡಿತು. ಸಾಲದು ಎಂದರು ಡಾಕ್ಟರು. ಅಷ್ಟರಲ್ಲಿ ನಿನ್ನ ಭಾವ ಕಣ್ಣು ಬಿಟ್ಟು, ತಮ್ಮ ಪಾದಗಳಾಚೆ ಆವಲಪ್ಪನವರ ಮುಖ ಕಂಡು, ಇದ್ದಬದ್ದ ಉಸಿರನ್ನೆಲ್ಲ ಬಿಗಿಹಿಡಿದು ಏನೋ ಗೊರಗುಟ್ಟಿದರು. ನರ ಹುರಿಹಗ್ಗದಂತೆ ಉಬ್ಬಿತು.

"ಹಂಗೇ ಬೈತಾ ಇರಿ ಯಜಮಾನ್ರೇ!" ಎಂದು ಡಾಕ್ಟರು ಸೂಜಿ ಇಳಿಸಿಯೇಬಿಟ್ಟರು. ಬಾಟಲಿಯಿಂದ ನೀರು ತೊಟ್ಟಿಕ್ಕತೊಡಗಿತು. ನಾನು ಅಳುತ್ತಲೇ ನಕ್ಕುಬಿಟ್ಟೆ.

ಇಟ್ಟಿಗೆ ಬರುವವರೆಗೂ ನಿಮ್ಮವರು ಮಂಚ ಇಳಿಸಲಿಲ್ಲ. ಆಮೇಲೆ, "ನೋಡಿದ್ರಾ ಅಕ್ಕ, ಸಾಯೋ ಒತ್ನಾಗೂ ಅಣ್ಣಂಗೆ ನನ್ ಮ್ಯಾಲೇ ಕ್ವಾಪ" ಎಂದು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು. ಬರಿಗೈಯಲ್ಲಿ ಮನೆಗೆ ಬಂದರೆಂದು ನೀನು ರೇಗಿದ್ದರೆ, ಈಗಲೇ ಹೋಗಿ ಅವರಿಗೊಂದು ಲೋಟ ಕಾಫಿ ಕೊಡು.

ಇಂತಿ ನಿನ್ನ ಪ್ರೀತಿಯ ಅಕ್ಕ,
ವೆಂಕಟಲಕ್ಷ್ಮಮ್ಮ

ಮರೆತ ಮಾತು: ಇದನ್ನು ಬರೆಯಬೇಡ ಎಂದು ನಿನ್ನ ಭಾವ ಆಣೆ ಹಾಕಿದ್ದಾರೆ, ಆದರೂ ಬರೆಯುತ್ತೇನೆ. ಅವರ ಬಾಯಿಯ ಹತ್ತಿರ ಕಿವಿ ಇಟ್ಟಿದ್ದವಳು ನಾನೊಬ್ಬಳೇ. ಅವರು ಬೈಯಲಿಲ್ಲ. "ಇಳ್ಸೋ ಆವಲಪ್ಪ, ಸೊಂಟ ಇಡ್ಕಂತದೆ ನಿಂಗೆ" ಅಂದರು.