ಕಂದು ಗೆರೆ ಮತ್ತು ತಣಿಯುತ್ತಿರುವ ನಕ್ಷತ್ರ

ಎಕ್ಸ್-ರೇ ದೂರದರ್ಶಕದ ಸಮಯ ಹಂಚುವ ಸಮಿತಿಯ ಅಧ್ಯಕ್ಷರೇ,

ಗ್ರಾಫಿನ ಗೆರೆ ಕಂದು ಬಣ್ಣದ್ದು ಎಂಬ ಕಾರಣಕ್ಕೆ ನೀವು ಒಂದು ನಕ್ಷತ್ರದತ್ತ ನೋಡಲು ನಿರಾಕರಿಸಿದ್ದೀರಿ. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ, ಹೇಸಿಗೆಯಾಗುತ್ತಿದೆ.

ಇದು ಪತ್ರಿಕೆಗೆ ಬರೆದ ಬಹಿರಂಗ ಪತ್ರ, ಓದುಗರಿಗೂ ವಿಷಯ ತಿಳಿಯಲಿ. ನ್ಯೂಟ್ರಾನ್ ನಕ್ಷತ್ರ ಎಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು. ಅದರ ಚಿಪ್ಪಿನ ಆಳದಲ್ಲಿ ಒತ್ತಡ ಎಷ್ಟೆಂದರೆ, ನ್ಯೂಟ್ರಾನ್‌ಗಳು ಪರಮಾಣು ಬೀಜಗಳಲ್ಲಿ ಹಿಡಿಸಲಾರದೆ ಹೊರಚೆಲ್ಲಿ ಅವುಗಳ ನಡುವೆ ತುಂಬಿಕೊಳ್ಳುತ್ತವೆ. ಚಿಪ್ಪಿನ ತಳದವರೆಗೂ ಅವು ಜೋಡಿಯಾಗಿ ತಡೆಯಿಲ್ಲದೆ ಹರಿಯುತ್ತವೆಯೋ, ಬಿಡಿಬಿಡಿಯಾಗಿ ಉಳಿಯುತ್ತವೆಯೋ? ಜೋಡಿಯಾಗಿದ್ದರೆ ಶಾಖ ಹಿಡಿದಿಡಲಾರವು, ಚಿಪ್ಪು ಬೇಗ ತಣಿಯುತ್ತದೆ, ಬಿಡಿಯಾಗಿದ್ದರೆ ನಿಧಾನ. ನಾವು ನೋಡಬೇಕೆಂದಿದ್ದ ನ್ಯೂಟ್ರಾನ್ ನಕ್ಷತ್ರ ಪಕ್ಕದ ನಕ್ಷತ್ರದ ಅನಿಲ ಮೇಲೆ ಸುರಿದು ಬಿಸಿಯಾಗಿತ್ತು. ಈ ಚಳಿಗಾಲದಲ್ಲಿ ಆ ಸುರಿತ ನಿಂತಿತು. ಆಳದ ಶಾಖ ಹೊರಬರುವ ಮುಂದಿನ ಕೆಲವು ತಿಂಗಳು ನೋಡಿದರೆ ಉತ್ತರ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ವಿದ್ಯಾರ್ಥಿನಿ ಮಾರ್ನಿ ಕೊವಾಲ್ಸ್ಕಿಯ ಇಡೀ ಪಿಎಚ್‌ಡಿ ಇದರ ಮೇಲೆ ನಿಂತಿದೆ.

ಅರ್ಜಿ ಹಾಕಿದವರು ಯಾರೆಂದು ಪರೀಕ್ಷಕರಿಗೆ ಗೊತ್ತಾಗಬಾರದು ಎಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮವೇ, ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಮಾರ್ನಿ ಹೆಸರುಗಳನ್ನೆಲ್ಲ ಅಳಿಸಿದಳು. ಗ್ರಾಫಿನ ಗೆರೆಯನ್ನು ಮಾತ್ರ ನಾನು ನನ್ನ ಪ್ರಬಂಧಗಳಲ್ಲಿ ಸದಾ ಬಳಸುವ ಕಂದು ಬಣ್ಣದಲ್ಲೇ ಎಳೆದಳು. "ತಂಡದ ಗುರುತು ಸಿಗುತ್ತದೆ" ಎಂದು ಅರ್ಜಿ ವಾಪಸ್ಸು! ಈ ನಕ್ಷತ್ರದ ಹಿಂದೆ ಬಿದ್ದವರು ಜಗತ್ತಿನಲ್ಲಿ ಒಂದು ಊಟದ ಮೇಜಿಗೆ ಆಗುವಷ್ಟು ಜನ. ಬಿಳಿ ಹಾಳೆ ಕಳಿಸಿದ್ದರೂ ಗುರುತು ಸಿಗುತ್ತಿರಲಿಲ್ಲವೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತಾಯಿತು ನಿಮ್ಮ ಗುಟ್ಟು.

ಫೋನ್ ಮಾಡಿದೆ. ನಿಮ್ಮ ಕಚೇರಿಯ ಹೆಣ್ಣುಮಗಳು ಹೇಳಿದಳು: "ಮುಂದಿನ ವರ್ಷ ಹಾಕಿ ಪ್ರೊಫೆಸರ್. ನಕ್ಷತ್ರ ಎಲ್ಲಿಗಾದ್ರೂ ಓಡಿಹೋಗುತ್ತಾ?"

"ಓಡಲ್ಲಮ್ಮಾ, ತಣ್ಣಗಾಗುತ್ತೆ."

"ತಣ್ಣಗಾದ್ಮೇಲೂ ಕಾಣುತ್ತಲ್ವಾ?"

"ಹೆಣಾನೂ ಕಾಣುತ್ತೆ. ಅದರ ಜ್ವರ ನೋಡೋಕಾಗುತ್ತಾ?"

ಮಾರ್ನಿ ಪಕ್ಕದಲ್ಲೇ ಇದ್ದಳು. "ಬಿಡಿ ಹ್ಯೂಬರ್ಟ್, ತಪ್ಪು ನಂದೇ. ಗೆರೆ ಅಂದ್ರೆ ಕಂದು ಅಂತಾನೇ ತಲೇಲಿ ಕೂತ್ಬಿಟ್ಟಿತ್ತು" ಎಂದಳು. ಕಲಿಸಿದವನು ನಾನು, ಕ್ಷಮೆ ಕೇಳುವವಳು ಅವಳು. ಅಂದಹಾಗೆ, ಆ ಸಮಯ ಯಾರ ಪಾಲಾಯಿತು? ನಿಮ್ಮ ಕ್ಯಾಲೆಂಡರಿನ ಮುಖಪುಟಕ್ಕೆ ಬೇಕಾದ ಬಣ್ಣದ ಮೋಡಕ್ಕೆ. ಸಾವಿರಾರು ವರ್ಷಗಳಿಂದ ಅಲ್ಲೇ ಬಿದ್ದಿರುವ ಮೋಡಕ್ಕೆ ಎಂಥ ಅವಸರವಿತ್ತು ಸ್ವಾಮಿ? ಥೂ!

ದೂರದರ್ಶಕವನ್ನು ಈ ವಾರವೇ ಅತ್ತ ತಿರುಗಿಸಿ. ಗುರುತು ಸಿಕ್ಕಿದ್ದು ನನ್ನದು, ಆದ್ದರಿಂದ ತಂಡದಿಂದ ನಾನೇ ಹೊರಗೆ ಹೋಗುತ್ತೇನೆ. ಅರ್ಜಿಯಲ್ಲಾಗಲಿ, ಮುಂದೆ ಅದರಿಂದ ಹುಟ್ಟುವ ಪ್ರಬಂಧದಲ್ಲಾಗಲಿ ನನ್ನ ಹೆಸರು ಇರುವುದಿಲ್ಲ. ಆ ನಕ್ಷತ್ರ ಇನ್ನೊಮ್ಮೆ ಬಿಸಿಯಾಗುವ ಹೊತ್ತಿಗೆ ನಾನು ಬದುಕಿರುವುದಿಲ್ಲ. ನ್ಯೂಟ್ರಾನ್‌ಗಳು ಅಲ್ಲಿ ಏನು ಮಾಡುತ್ತಿವೆ ಎಂದು ಜಗತ್ತಿಗೆ ಮಾರ್ನಿಯೇ ಹೇಳಲಿ.

ಇಂತಿ,
ಜೀವನವಿಡೀ ನೋಡಿದ ನಕ್ಷತ್ರಕ್ಕೆ ಇಂದಿನಿಂದ ಯಾರೂ ಅಲ್ಲದ
ಹ್ಯೂಬರ್ಟ್ ಲಿಂಡ್‌ಕ್ವಿಸ್ಟ್
ಲ್ಯಾನ್ಸಿಂಗ್, ಮಿಶಿಗನ್