ಮೇಲಿನ ಮನೆಗೆ ಅಡ್ವಾನ್ಸ್ ಕೊಡಬೇಡ

ಮೂರನೇ ತಾರೀಖು, ಮಂಗಳವಾರ

ನನ್ನ ಪುಟ್ಟಿಗೆ, ಅಮ್ಮನ ತುಂಬು ಪ್ರೀತಿ.

ನಿನ್ನ ಪತ್ರ ಅಂಗಡಿಗೆ ಬಂತು. ಓದುತ್ತಾ ಓದುತ್ತಾ ಯಾರದೋ ಪ್ಯಾಂಟಿನ ಅಂಚನ್ನು ತಿರುಗಾಮುರುಗಾ ಹೊಲಿದುಬಿಟ್ಟೆ. ಬಾಡಿಗೆಗೆ ಕೊಡಲೆಂದು ನಾನು ಕೊಂಡ ಫ್ಲಾಟಿನ ಮೇಲಿನದನ್ನೇ ನೀವೂ ಹಾಗೇ ಕೊಳ್ಳಲು ಫೋಟೊ ನೋಡಿ ಒಪ್ಪಿದ್ದೀರಿ, ಹದಿನೈದಕ್ಕೆ ಅಡ್ವಾನ್ಸ್ ಕೊಡುತ್ತೀರಿ, ಅತ್ತೆ ಆರಿಸಿದ ಬೀದಿ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂದು ಅಳಿಯಂದಿರೂ ಹೇಳಿದರಂತೆ. ಕೊಡಬೇಡ ಕಣೇ. ನಿಮ್ಮಿಬ್ಬರ ಉಳಿತಾಯವನ್ನೆಲ್ಲ ತಂದು ಈ ಬೀದಿಗೆ ಸುರಿಯಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಮತ್ತೆ ಸುಳ್ಳೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೀದಿ ಆರಿಸುವಾಗ ನಾನು ಎಷ್ಟು ಮೆರೆದೆ, ನಿನಗೆ ಗೊತ್ತಲ್ಲ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡವಳಿಗೆ ಯಾರು ಟೋಪಿ ಹಾಕುತ್ತಾರೆ ಎಂಬ ಜಂಬ. ಬಸ್ ನಿಲ್ದಾಣಕ್ಕೆ ಎಷ್ಟು ಹೆಜ್ಜೆ, ನಲ್ಲಿಯಲ್ಲಿ ಎಷ್ಟು ಹೊತ್ತು ನೀರು, ಶಾಲೆ ಎಲ್ಲಿ, ಎಲ್ಲವನ್ನೂ ಬರೆದುಕೊಂಡೆ. ಒಂದು ಗೇಟು ಬಿಟ್ಟು ಒಂದು ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು. “ನೋಡಕ್ಕಾ, ಎಷ್ಟು ಬೋರ್ಡು! ಬಾಡಿಗೆ ಏರಿಯಾ ಅಂದ್ರೆ ಇದು” ಅಂದ ದಲ್ಲಾಳಿ. ನಾನೂ ಹೌದಲ್ಲ ಎಂದುಕೊಂಡು ಹದಿನೇಳು ಬೋರ್ಡು ಎಣಿಸಿ ಖುಷಿಪಟ್ಟೆ. ಒಳಗೆ ಜನ ಇದ್ದರೆ ಹೊರಗೆ ಬೋರ್ಡು ಯಾಕೆ ತೂಗುತ್ತದೆ ಎಂದು ತಲೆಗೆ ಹೊಳೆಯಲೇ ಇಲ್ಲ. ಅಲ್ಲಿನ ಮನೆಗಳಲ್ಲಿ ಬಾಡಿಗೆಗಿದ್ದವರೆಲ್ಲ ಪಕ್ಕದ ಬಟ್ಟೆ ಕಾರ್ಖಾನೆಯ ಕೆಲಸಗಾರರು. ಕಾರ್ಖಾನೆ ಬಾಗಿಲು ಹಾಕಿ ಆಗಲೇ ಆರು ತಿಂಗಳಾಗಿತ್ತಂತೆ. ಹೊಲಿಗೆಯವಳಾಗಿ ನನಗೇ ಗೊತ್ತಿರಲಿಲ್ಲ!

ನನ್ನ ಬಾಡಿಗೆಯಾಕೆಯ ವಿಷಯ ಬರೆಯುತ್ತಿದ್ದೆನಲ್ಲ, ಒಂಟಿ ಹೆಂಗಸು, ಗೋಡೆಗೆ ಒಂದು ಮೊಳೆ ಹೊಡೆಯುವುದಿಲ್ಲ, ಗಲಾಟೆಯಿಲ್ಲ, ಚಿನ್ನದಂಥವಳು ಎಂದು. ಅವಳು ನಾನೇ ಪುಟ್ಟಿ. ಫ್ಲಾಟಿನ ಸಾಲದ ಕಂತು, ನಾನಿದ್ದ ಹಳೆಯ ಮನೆಯ ಬಾಡಿಗೆ ಎರಡನ್ನೂ ತೂಗಿಸಲಾಗದೆ, ನಾಲ್ಕು ದಿನ ಇದ್ದರಾಯಿತು ಎಂದು ಖಾಲಿ ಬಿದ್ದಿದ್ದ ಫ್ಲಾಟಿಗೇ ಟ್ರಂಕು ತಂದಿಟ್ಟೆ. ಒಂದೂವರೆ ವರ್ಷವಾಯಿತು. ಪತ್ರವನ್ನು ಅಂಗಡಿಯ ವಿಳಾಸಕ್ಕೇ ಹಾಕು ಎಂದಿದ್ದು, ನೀನು ಬರುತ್ತೇನೆ ಎಂದಾಗಲೆಲ್ಲ ನಾನೇ ನಿಮ್ಮಲ್ಲಿಗೆ ಓಡಿ ಬಂದಿದ್ದು ಇದಕ್ಕೇ.

ಎರಡು ಬಸ್ಸು ಬದಲಿಸಿ ಅಂಗಡಿಗೆ ಹೋಗುತ್ತೇನೆ. ವಾಪಸು ಬಂದರೆ ಮೂರು ಮಹಡಿಗೆಲ್ಲ ದೀಪ ಹಚ್ಚುವವಳು ನಾನೊಬ್ಬಳೇ. ಒಂದು ಬಾಗಿಲ ಮುಂದೆಯೂ ಚಪ್ಪಲಿಯಿಲ್ಲ. ಕುಕ್ಕರ್ ಕೂಗಿದರೆ ನನಗೇ ಬೆಚ್ಚಿಬೀಳುವಂತಾಗುತ್ತದೆ. ಮಾರಿಬಿಡೋಣ ಎಂದರೆ ದಲ್ಲಾಳಿ ನಗುತ್ತಾನೆ. “ನಿಮ್ಮಂಥೋರು ಇನ್ನೊಬ್ರು ಸಿಗ್ಬೇಕಲ್ಲಕ್ಕಾ” ಅನ್ನುತ್ತಾನೆ. ಸಿಕ್ಕಿದ್ದು ನೋಡು, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ. ಬೀದಿಯನ್ನು ಹೊಗಳಿ ಹೊಗಳಿ ನಿನ್ನನ್ನು ಬೋನಿನ ಬಾಗಿಲಿಗೆ ಕರೆತಂದವಳು ನಾನು. ನಾಚಿಕೆಯಿಂದ ಸತ್ತುಹೋಗುವಂತಾಗಿದೆ.

ಅಳಿಯಂದಿರಿಗೂ ಇದನ್ನು ಓದಿಸು. ನನ್ನ ಮರ್ಯಾದೆ ಹೋದರೆ ಹೋಗಲಿ.

ನಿನ್ನ
ಅಮ್ಮ

ತಾ.ಕ.: ಇವತ್ತು ಹದಿಮೂರು. ಈ ಪತ್ರ ಹತ್ತು ದಿನದಿಂದ ನನ್ನ ಚೀಲದಲ್ಲೇ ಇತ್ತು. ಈಗ ಅಂಚೆಗೆ ಹಾಕಿದರೆ ಸಮಯಕ್ಕೆ ಸಿಗುವುದಿಲ್ಲವೆಂದು ನಿಮ್ಮೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ಇಷ್ಟು ದಿನ ಯಾಕೆ ಕಳಿಸಲಿಲ್ಲ ಎಂದು ನೀನು ಕೇಳದಿದ್ದರೂ ಹೇಳಬೇಕು. ನೀವು ಕೊಂಡರೆ ನಿಮಗೂ ಬಾಡಿಗೆಯವರು ಸಿಗುವುದಿಲ್ಲ, ಕೊನೆಗೆ ನನ್ನ ಹಾಗೆ ನೀವೇ ಬಂದು ಇರಬೇಕಾಗುತ್ತದೆ, ಆಗ ನನ್ನ ತಲೆಯ ಮೇಲೆ ನಿನ್ನ ಹೆಜ್ಜೆ ಸಪ್ಪಳ ಕೇಳುತ್ತದೆ ಎಂದುಕೊಂಡು ಸುಮ್ಮನಿದ್ದೆ.