ಒಳಕಿಸೆಯ ಬಯೋಡೇಟಾ

ಮೆಹರುನ್ನಿಸ,

ಸತ್ವಾ ಪೇಟೆಯ ಹೊಲಿಗೆ ಅಂಗಡಿಗೆ ಬೇಗ ಹೊರಟೆ. ತಮೀಮ್‌ನನ್ನು ಎಬ್ಬಿಸಬೇಡ, ಮಲಗಲಿ.

ಈ ಚೀಟಿಯ ಅಡಿಯಲ್ಲಿ ಅವನ ಬಯೋಡೇಟಾ ಇದೆ. ಅವನು ಏಳುವ ಮೊದಲು ನಿನ್ನ ಕಪಾಟಿನಲ್ಲಿ ಇಟ್ಟುಬಿಡು.

ಅದನ್ನು ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಆ ಸಾರ್‌ಗೆ ಕೊಟ್ಟೆ ಅಂತ ನಿಮಗಿಬ್ಬರಿಗೂ ಹೇಳಿದ್ದೆನಲ್ಲ, ಕೈಗೆ ಕೊಟ್ಟದ್ದಲ್ಲ ಮಾರಾಯ್ತಿ. ಅಳತೆ ತೆಗೆಯುವಾಗ ಬಾಯಿಯೇ ಬರಲಿಲ್ಲ. ರಿಪೇರಿಗೆ ಬಂದ ಅವರ ಕೋಟಿನ ಒಳಕಿಸೆಯಲ್ಲಿ ಇಟ್ಟು ಕಳಿಸಿದೆ. ಸಾಧಾರಣ ಮಾರ್ಕಿನವರನ್ನು ಕಂಪ್ಯೂಟರೇ ಬದಿಗೆ ತಳ್ಳುತ್ತದೆ, ಒಳಗಿನವರು ಯಾರಾದರೂ ಓದಿದರೆ ಮಾತ್ರ ಇಂಟರ್ನ್‌ಶಿಪ್ ಸಿಗುತ್ತದೆ ಅಂತ ಅವನೇ ಹೇಳಿದ್ದಲ್ಲವಾ?

ನಿನ್ನೆ ಅದೇ ಕೋಟು ಸೊಂಟ ಸಡಿಲ ಮಾಡಲು ವಾಪಸ್ ಬಂತು. ಕಿಸೆ ಮುಟ್ಟಿದರೆ ಕಾಗದ ಹಾಗೆಯೇ ಇದೆ. ಇಸ್ತ್ರಿ ಆದ ಮೇಲೆ ಕಿಸೆ ಬಾಯಿ ಬಿಡಬಾರದೆಂದು ಎರಡು ಹೊಲಿಗೆ ಹಾಕಿ ಮುಚ್ಚುವುದು ನನ್ನ ಅಭ್ಯಾಸ. ಇಪ್ಪತ್ತೆರಡು ವರ್ಷ ಹೊಲಿದ ಕೈ, ಮಗನ ಕಾಗದ ಒಳಗಿದೆ ಅಂತ ನಿಲ್ಲಲಿಲ್ಲ. ಅರ್ಜಿಯ ಕೊನೆಯ ದಿನ ಮೊನ್ನೆಯೇ ಮುಗಿದಿದೆ. ಖಲಾಸ್.

ಮಧ್ಯಾಹ್ನ ಊಟ ಕಳಿಸಬೇಡ. ಹಸಿವಿಲ್ಲ.

ಸಂಜೆ ಅವನು, "ಬಾಪಾ, ಸಾರ್ ಏನಂದ್ರು?" ಅಂತ ಕೇಳುತ್ತಾನೆ. ದಿನಾ ಕೇಳುತ್ತಾನೆ. ಓದಿ ಬೇಡ ಅಂದರು ಅನ್ನಲಾ, ನಾನೇ ಹೊಲಿದು ಮುಚ್ಚಿದೆ ಅನ್ನಲಾ? ಯಾವುದು ಅವನಿಗೆ ಕಡಿಮೆ ನೋಯುತ್ತದೆ ಅಂತ ನೀನೇ ಯೋಚಿಸಿ ಇಡು. ನಾನು ಬಂದ ಕೂಡಲೇ ಅಡುಗೆಮನೆಗೆ ಕರೆದು ಹೇಳು. ಅವನ ಮುಖ ನೋಡುವ ಮೊದಲು.